ದರಕು ಗುಡಿಸುವ ಮೊದಲು ಬೆಟ್ಟವನ್ನೊಮ್ಮೆ ನೋಡಿ

ಕಳೆದ ಮಂಗಳವಾರ ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದೆ. ಫೋನಿಗೆ ಒಂದು ಫೋಟೋ ಬಂತು. ಕಳಿಸಿದವನು ಯಲ್ಲಾಪುರ ಕಡೆಯ ಹುಡುಗ, ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ವರ್ಷದಿಂದ ಅಪ್ಪನ ತೋಟ ನೋಡಿಕೊಳ್ಳುತ್ತಿದ್ದಾನೆ. ಫೋಟೋದಲ್ಲಿ ಒಂದು ಮತ್ತಿ ಮರದ ಬುಡ, ಸುತ್ತ ಒಣಗಿದ ಎಲೆ, ಅದರ ಮೇಲೆ ಮಗ್ಗುಲಾಗಿ ಬಿದ್ದ ಮಂಗ. ಕೆಳಗೆ ಬರೆದಿದ್ದ: "ಅಣ್ಣಾ, ನಿನ್ನೆ ಸತ್ತಿದ್ದಿರಬೇಕು. ನಾಳೆ ದರಕು ಗುಡಿಸೋಕೆ ಆರು ಜನ ಬರ್ತಾರೆ. ಅಷ್ಟರೊಳಗೆ ಇದನ್ನ ಹೂತುಬಿಡ್ಲಾ?"

ನಾನು ಟೈಪ್ ಮಾಡುತ್ತ ಕೂರಲಿಲ್ಲ, ಫೋನೇ ಮಾಡಿದೆ. "ಮುಟ್ಟಬೇಡ ಮಾರಾಯ. ಕೋಲಿನಿಂದಲೂ ಮುಟ್ಟಬೇಡ. ಆರೂ ಜನಕ್ಕೆ ಈಗಲೇ ಫೋನ್ ಮಾಡಿ ನಾಳೆ ಬರೋದು ಬೇಡ ಅಂತ ಹೇಳು."

ಅವನಿಗೆ ಬೇಜಾರಾಯಿತು. ಆಗುವಂಥದ್ದೇ. ಈಗಿನ ಕಾಲದಲ್ಲಿ ಆರು ಆಳು ಒಂದೇ ದಿನ ಸಿಗುವುದು ಅಂದರೆ ಸಣ್ಣ ಮಾತಲ್ಲ. ಒಮ್ಮೆ ಬೇಡ ಅಂದರೆ ಅವರು ಮತ್ತೊಬ್ಬರ ತೋಟಕ್ಕೆ ಹೋಗ್ತಾರೆ, ಮತ್ತೆ ನಮ್ಮ ಪಾಳಿ ಬರುವುದು ಯುಗಾದಿಗೇ. ಇದೆಲ್ಲ ನನಗೂ ಗೊತ್ತು. ಆದರೂ ಹಾಗೆ ಹೇಳೋದಕ್ಕೆ ನನಗೊಂದು ಕಾರಣ ಇದೆ. ಅದನ್ನು ಸ್ವಲ್ಪ ಮುಂದೆ ಹೇಳ್ತೇನೆ.

ಬಯಲುಸೀಮೆಯಿಂದ ಓದುವವರಿಗೆ ಎರಡು ಮಾತು. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ದರಕು ಅಂದರೆ ಮರದಿಂದ ಉದುರಿದ ಒಣ ಎಲೆ. ಬೆಟ್ಟ ಅಂದರೆ ಇಲ್ಲಿ ಬರೀ ಗುಡ್ಡ ಅಲ್ಲ, ಸೊಪ್ಪಿನ ಬೆಟ್ಟ. ಅಡಿಕೆ ತೋಟದ ಗೊಬ್ಬರಕ್ಕಾಗಿ ಸೊಪ್ಪು, ದರಕು ತರಲು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಹಕ್ಕು ಕೊಟ್ಟ ಅರಣ್ಯ ಅದು. ಘಟ್ಟದ ಮೇಲಿನ ಈ ಭಾಗದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟಿದ್ದಾರೆ. ಮಳೆಗಾಲದಲ್ಲಿ ಹಸಿಸೊಪ್ಪು, ಬೇಸಿಗೆಯಲ್ಲಿ ದರಕು. ಎರಡೂ ಮೊದಲು ದನದ ಕಾಲಡಿಗೆ, ಆಮೇಲೆ ಗೊಬ್ಬರಗುಂಡಿಗೆ, ಕೊನೆಗೆ ಅಡಿಕೆ ಮರದ ಬುಡಕ್ಕೆ. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ಹಾಗಾಗಿ ಎಷ್ಟೋ ಜನ ದರಕನ್ನು ನೇರ ತೋಟಕ್ಕೇ ಮುಚ್ಚಿಗೆ ಹಾಕ್ತಾರೆ. ಏನೇ ಇರಲಿ, ದರಕು ಇಲ್ಲದೆ ನಮ್ಮ ತೋಟ ಇಲ್ಲ.

ಆ ದರಕಿನ ಕಾಲ ಈಗ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ತದೆ ಅನ್ನುವುದು ಇದೇ ಹೊತ್ತಿಗೆ. ಬೆಳಗಿನ ಇಬ್ಬನಿ ಇನ್ನೂ ಇದೆ, ಹತ್ತು ಗಂಟೆಗೆ ಬಿಸಿಲು ಸುಡ್ತದೆ. ಮಾವು ಹೂಬಿಟ್ಟಿದೆ, ಗೇರು ಬಿಟ್ಟಿದೆ, ಸುರಗಿ ಅರಳಿದ ಕಡೆ ಮರ ಕಾಣುವ ಮೊದಲೇ ಪರಿಮಳ ಬರ್ತದೆ. ಕುಟುರ ಹಕ್ಕಿ ಬೆಳಗಿಂದ ಸಂಜೆವರೆಗೆ ಒಂದೇ ಸಮ ಕೂಗ್ತದೆ. ಅಂಗಳದಲ್ಲಿ ಚಾಲಿ ಒಣಗುತ್ತಿದೆ. ಕೊನೆಗೌಡನ ಕೆಲಸ ಮುಗಿಯುತ್ತ ಬಂತು, ಕಾಳುಮೆಣಸಿಗೆ ಏಣಿ ಏರಿದೆ, ತೋಟದಲ್ಲಿ ಹೊಸ ಸಿಂಗಾರ ಒಡೆಯುತ್ತಿದೆ, ನೀರು ಬಿಡಬೇಕು. ಎಲ್ಲ ಕೆಲಸವೂ ಒಟ್ಟಿಗೇ ಬಂದು ತಲೆ ಮೇಲೆ ಕೂರುವ ಹೊತ್ತು. ಕಾಡಿನವರಿಗೂ ಹಾಗೆಯೇ. ಗೂಡು ಕಟ್ಟುವವರು, ಜೋಡಿ ಹುಡುಕುವವರು, ನೀರು ಹುಡುಕಿ ಕೆಳಗಿಳಿಯುವವರು, ಎಲ್ಲರೂ ನಮ್ಮ ಮನೆ ಸುತ್ತವೇ ಇರ್ತಾರೆ. ನಾವು ಪೊರಕೆ ಹಿಡಿದು ಹೋಗುವುದು ಅವರ ನಡುವೆ.

ಒಂದು ಮಂಗ, ಮೂರು ಜನ

ಆರೇಳು ವರ್ಷದ ಹಿಂದಿನ ಫೆಬ್ರವರಿ. ನಮ್ಮದು ಸಿದ್ದಾಪುರ ತಾಲೂಕು. ಬೆಟ್ಟದ ಅಂಚಿನಲ್ಲಿ ಕರೆಂಟಿನ ಲೈನ್ ಹೋಗಿದೆ. ಅದರ ಹತ್ತಿರವೇ ಒಂದು ಮಂಗ ಸತ್ತು ಬಿದ್ದಿತ್ತು. ಲೈನ್ ತಾಗಿ ಸತ್ತಿದೆ ಅಂದುಕೊಂಡೆ. ಮೈ ಮೇಲೆ ಸುಟ್ಟ ಗುರುತು ಇದೆಯಾ ಅಂತ ಬಗ್ಗಿ ನೋಡುವಷ್ಟೂ ತಾಳ್ಮೆ ನನಗೆ ಇರಲಿಲ್ಲ. ಅಪ್ಪ ಮಾತ್ರ ಅಂಗಳದಿಂದಲೇ ಕೂಗಿದ, "ತಮಾ, ಅದನ್ನ ಮುಟ್ಟಡ." ನಾನು ಕೇಳಲಿಲ್ಲ. ತಂತಿಯ ಕುಣಿಕೆ ಮಾಡಿ ಬಾಲಕ್ಕೆ ಹಾಕಿ ಎಳೆದುಕೊಂಡು ಹೋಗಿ ಕೊರಕಲಿಗೆ ಎಸೆದು ಬಂದೆ. ಹಾಗೆ ಎಳೆದದ್ದು ಎಷ್ಟು ದೂರ? ಐವತ್ತು ಅರವತ್ತು ಮಾರು. ದರಕಿನ ಮೇಲೇ ಎಳೆದದ್ದು.

ನಾಲ್ಕನೇ ದಿನ ಅದೇ ಜಾಗದಲ್ಲಿ ದರಕು ಗುಡಿಸಲು ಮೂವರು ಬಂದರು. ಇಬ್ಬರು ಹೆಂಗಸರು, ಒಬ್ಬ ಗಂಡಸು. ಅವರಲ್ಲಿ ಒಬ್ಬಳು ನಾನು ಸಣ್ಣವನಿದ್ದಾಗಿನಿಂದ ನಮ್ಮನೆಗೆ ಬರುವ ಅಕ್ಕ. ಮಧ್ಯಾಹ್ನ ದರಕಿನ ರಾಶಿಗೇ ಒರಗಿ ಕೂತು ಎಲೆಅಡಿಕೆ ಹಾಕಿಕೊಂಡರು. ನಾನೇ ಚಾ ಕೊಟ್ಟು ಬಂದೆ.

ಒಂದು ವಾರದೊಳಗೆ ಅಕ್ಕನಿಗೆ ಜ್ವರ. ಇದ್ದಕ್ಕಿದ್ದಂತೆ ಬಂದ ಜ್ವರ, ತಲೆನೋವು, "ಸೊಂಟ, ಬೆನ್ನು ಎಲ್ಲ ಒನಕೆಯಲ್ಲಿ ಜಜ್ಜಿದಂಗೆ ಆಗ್ತದೆ" ಅಂತ ಮಲಗಿದ್ದಳು. ನಾನು ಪೇಟೆಯಿಂದ ಜ್ವರದ ಮಾತ್ರೆ ತಂದುಕೊಟ್ಟು, ಎರಡು ದಿನ ರೆಸ್ಟ್ ಮಾಡು ಅಂದೆ. ಆ ಎರಡು ದಿನದ ಲೆಕ್ಕ ಇವತ್ತಿಗೂ ನನ್ನ ತಲೆಯಲ್ಲಿದೆ. ಮೂರನೇ ದಿನ ವಾಂತಿ, ವಸಡಿನಲ್ಲಿ ರಕ್ತ. ತಾಲೂಕು ಆಸ್ಪತ್ರೆಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ. ರಕ್ತಪರೀಕ್ಷೆಯಲ್ಲಿ ಮಂಗನ ಕಾಯಿಲೆ ಅಂತ ಬಂತು. ಹದಿನಾಲ್ಕು ದಿನ ಅಲ್ಲಿದ್ದಳು. ಮನೆಗೆ ಬಂದು ವಾರ ಕಳೆದ ಮೇಲೆ ಮತ್ತೆ ಜ್ವರ ಬಂತು, ಈ ಸಲ ಮಾತೇ ತೊದಲಿತು. ಬದುಕಿದಳು. ಆದರೆ ಆ ವರ್ಷ ಪೂರ್ತಿ ಕೂಲಿಗೆ ಹೋಗಲಾಗಲಿಲ್ಲ.

ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಒಂದೇ ಪ್ರಶ್ನೆ ಕೇಳಿದಳು. "ಅಲ್ಲಿ ಮಂಗ ಸತ್ತಿದ್ದು ನಿಮಗೆ ಗೊತ್ತಿತ್ತಾ?"

ಹೌದು ಅಂದೆ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ. ಅವಳು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಈಗಲೂ ಅಡಿಕೆ ಸುಲಿಯಲು ನಮ್ಮನೆಗೆ ಬರ್ತಾಳೆ, ನಗ್ತಾಳೆ, ಮಾತಾಡ್ತಾಳೆ. ನಮ್ಮ ಬೆಟ್ಟಕ್ಕೆ ಮಾತ್ರ ಮತ್ತೆ ಕಾಲಿಟ್ಟಿಲ್ಲ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಅದಕ್ಕೇ ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ನಮ್ಮ ಕ್ಯಾಸನೂರಿನ ಹೆಸರು ಕೂತಿದೆ. 2019ರಲ್ಲಿ ಸಾಗರ ತಾಲೂಕಿನ ಅರಲಗೋಡು ಭಾಗ ಇದರಿಂದ ತತ್ತರಿಸಿತು. 2024ರಲ್ಲಿ ನಮ್ಮ ಸಿದ್ದಾಪುರ ತಾಲೂಕಿನಲ್ಲೇ ಸಾವು ಆಯಿತು. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯ್ತಾರೆ ಅನ್ನುವುದು ವೈದ್ಯರ ಲೆಕ್ಕ. ಹಿಂದೆ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಹಾಗಾಗಿ "ನಾನು ಚುಚ್ಚಿಸಿಕೊಂಡಿದ್ದೆ, ನನಗೇನಾಗಲ್ಲ" ಅನ್ನುವ ಹಳೇ ಧೈರ್ಯ ಈಗ ಬೇಡ. ಈ ಕಾಯಿಲೆಗೇ ಅಂತ ಬೇರೆ ಔಷಧಿಯೂ ಇಲ್ಲ. ಬೇಗ ಆಸ್ಪತ್ರೆ ಸೇರಿದರೆ ಬದುಕಿಸಿಕೊಳ್ಳಬಹುದು, ಅಷ್ಟೇ.

ಹರಡುವುದು ಮಂಗದಿಂದ ನೇರ ಅಲ್ಲ, ಉಣುಗಿನಿಂದ. ಇದನ್ನು ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥ ಆಗ್ತದೆ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯೊಡೆದ ಉಣುಗಿನ ಮರಿಗಳು ನವೆಂಬರ್-ಡಿಸೆಂಬರಿನಿಂದ ಮೇವರೆಗೆ ದರಕಿನಲ್ಲಿ, ಸಣ್ಣ ಗಿಡಗಳಲ್ಲಿ ಕಾದು ಕೂತಿರ್ತವೆ. ಗಸಗಸೆಗಿಂತ ಸ್ವಲ್ಪ ದೊಡ್ಡದು, ಎಳ್ಳಿಗಿಂತ ಸಣ್ಣದು, ಕಣ್ಣಿಗೆ ಬೀಳುವುದೇ ಕಷ್ಟ. ಮನುಷ್ಯನಿಗೆ ಕಚ್ಚುವುದು ಈ ಹಂತದ ಉಣುಗೇ. ಕೆಂಪು ಮೂತಿಯ ಮಂಗ, ಕರಿ ಮೂತಿಯ ಮುಸಿಯ ಎರಡೂ ಈ ವೈರಸ್ಸಿಗೆ ಸಾಯ್ತವೆ. ಸತ್ತ ಮಂಗದ ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣುಗೆಲ್ಲ ಕೆಳಗಿಳಿದು ಸುತ್ತಲಿನ ದರಕಿಗೆ ಸೇರ್ತವೆ. ಅಂದರೆ ಮಂಗ ಸತ್ತ ಜಾಗ ಇಡೀ ಬೆಟ್ಟದಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ. ನಾನು ಅಂಥ ಮಂಗವನ್ನು ಐವತ್ತು ಮಾರು ದರಕಿನ ಮೇಲೆ ಎಳೆದಿದ್ದೆ. ನನಗೆ ಜ್ವರ ಬರಲಿಲ್ಲ, ಅದು ನನ್ನ ಪುಣ್ಯ ಅಂತಲೂ ಹೇಳಲಾರೆ.

ಹಾಗಾದರೆ ಏನು ಮಾಡಬೇಕು? ಸತ್ತ ಮಂಗ ಕಂಡರೆ ದೂರದಿಂದ ಫೋಟೋ ತೆಗೆಯಿರಿ, ಫೋನಿನಲ್ಲಿ ಲೊಕೇಶನ್ ಆನ್ ಇರಲಿ. ಊರಿನ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಇಲಾಖೆಯ ಗಾರ್ಡ್‌ಗೆ ಕಳಿಸಿ. ಯಾರ ನಂಬರೂ ಇಲ್ಲದಿದ್ದರೆ 104ಕ್ಕೆ ಫೋನ್ ಮಾಡಿ. ಪಶುವೈದ್ಯರು ಬಂದು ಮಾದರಿ ತೆಗೆದುಕೊಂಡು ದೇಹ ಸುಡಿಸ್ತಾರೆ, ಸುತ್ತ 50 ಅಡಿಯವರೆಗೆ ಮೆಲಾಥಿಯಾನ್ ಪುಡಿ ಹಾಕಿಸ್ತಾರೆ. ಅವರು ಬರುವವರೆಗೆ ದನ, ನಾಯಿ, ಮಕ್ಕಳು ಆ ಕಡೆ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಆ ಭಾಗದ ದರಕನ್ನು ಈ ವರ್ಷ ಬಿಟ್ಟುಬಿಡಿ. ಹೌದು, ಇಡೀ ವರ್ಷ. ಹತ್ತು ಹೆಡಿಗೆ ದರಕು ಹೋದರೆ ಹೋಗಲಿ.

ಮಂಗ ಸಾಯದಿದ್ದರೂ ಬೆಟ್ಟಕ್ಕೆ ಹೋಗುವಾಗ ಆರೋಗ್ಯ ಇಲಾಖೆ ಪುಕ್ಕಟೆ ಕೊಡುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಿ. ಹಿಂದೆ ಕೊಡುತ್ತಿದ್ದ ಡಿಎಂಪಿ ಎಣ್ಣೆಯ ವಾಸನೆ, ಉರಿ ನೆನೆದು ಎಷ್ಟೋ ಜನ ಇದನ್ನೂ ಕಪಾಟಿನಲ್ಲಿ ಇಟ್ಟಿರ್ತಾರೆ. ಇದು ರಕ್ಷಣಾ ಇಲಾಖೆಯ ಡಿಆರ್‌ಡಿಒ ಸಂಸ್ಥೆ ತಯಾರಿಸಿದ್ದು, ಸೈನಿಕರೂ ಹಚ್ಚಿಕೊಳ್ಳುವಂಥದ್ದು. ಉದ್ದ ತೋಳಿನ ಅಂಗಿ, ಪ್ಯಾಂಟು, ಪ್ಯಾಂಟಿನ ತುದಿ ಸಾಕ್ಸ್ ಒಳಗೆ. ಆಳುಗಳಿಗೂ ಕೊಡಿ. ನಾನು ಈಗ ಎಣ್ಣೆ ಬಾಟಲಿಯನ್ನು ಚಾ ಕೆಟಲಿನ ಪಕ್ಕವೇ ಇಡ್ತೇನೆ, ಹಚ್ಚಿಕೊಳ್ಳದವರಿಗೆ ಪೊರಕೆ ಕೊಡುವುದಿಲ್ಲ. ಮೊದಮೊದಲು ನಕ್ಕರು. ಈಗ ಅವರೇ ಕೇಳಿ ತಗೊಳ್ತಾರೆ. ದರಕಿನ ರಾಶಿಗೆ ಒರಗಿ ಕೂರುವುದು, ಅದರ ಮೇಲೆ ಮಲಗುವುದು ಬೇಡವೇ ಬೇಡ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಸೋಪು ಹಚ್ಚಿ ಬಿಸಿನೀರ ಸ್ನಾನ. ಕಂಕುಳು, ತೊಡೆಸಂದು, ಮೊಣಕಾಲ ಹಿಂದೆ, ಕಿವಿಯ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಹಿಸುಕಬೇಡಿ.

ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ದೊಡ್ಡ ಉಣುಗು ಬದುಕುವುದು ದನದ ರಕ್ತ ಕುಡಿದು. ಬೆಟ್ಟಕ್ಕೆ ಮೇಯಲು ಬಿಡುವ ದನಗಳಿಗೆ ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಚ್ಚಿಸಿ. ತಂದ ದರಕನ್ನು ನಾನು ನೇರ ಕೊಟ್ಟಿಗೆಗೆ ಹಾಕದೆ ಎರಡು ಮೂರು ದಿನ ಬಿಸಿಲಿಗೆ ತೆಳುವಾಗಿ ಹರಡ್ತೇನೆ. ಉಣುಗು ಪೂರ್ತಿ ಹೋಗ್ತದೆ ಅಂತ ಹೇಳುವುದಿಲ್ಲ, ನನ್ನ ಸಮಾಧಾನಕ್ಕೆ ಮಾಡುವ ಕೆಲಸ.

ಮತ್ತೆ ಜ್ವರದ ವಿಷಯ. ಬೆಟ್ಟಕ್ಕೆ ಹೋಗಿ ಬಂದವರಿಗೆ ಜ್ವರ ಬಂದರೆ ಮಾತ್ರೆ ನುಂಗಿ ಎರಡು ದಿನ ಕಾಯಬೇಡಿ. ಉಣುಗು ಕಚ್ಚಿದ 3ರಿಂದ 8 ದಿನದಲ್ಲಿ ಜ್ವರ ಶುರುವಾಗ್ತದೆ. ಡಾಕ್ಟರ ಮುಂದೆ ಕೂತಾಗ ಮೊದಲ ಮಾತೇ "ನಾನು ದರಕು ಗುಡಿಸೋಕೆ ಹೋಗಿದ್ದೆ" ಅನ್ನುವುದಿರಲಿ. ಜ್ವರ ಬಿಟ್ಟಿತು ಅಂತ ಹತ್ತನೇ ದಿನ ಗುದ್ದಲಿ ಹಿಡಿಯಬೇಡಿ, ಕೆಲವರಿಗೆ ಒಂದೆರಡು ವಾರದ ಮೇಲೆ ಎರಡನೇ ಸಲ ಬರ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ ಇದು. ಕಾಯಿಲೆ ಬಂದ ಮನೆಯನ್ನು ಊರವರು ದೂರ ಇಡುವ ಅಗತ್ಯ ಇಲ್ಲ. ಅಕ್ಕನ ಮನೆಗೆ ಆಗ ಒಂದು ತಿಂಗಳು ಯಾರೂ ಹೋಗಿರಲಿಲ್ಲ.

ಬೆಂಕಿ ರೇಖೆಯೇ ಮೊದಲ ದರಕು

ಬಹಳ ಜನ ಮೊದಲು ದರಕು ತಂದು, ಪುರಸೊತ್ತಾದರೆ ಬೆಂಕಿ ರೇಖೆ ಮಾಡುವ ಅಂತಾರೆ. ಪುರಸೊತ್ತು ಆಗುವುದೇ ಇಲ್ಲ. ನಾನು ಈಗ ತಿರುವುಮುರುವು ಮಾಡಿದ್ದೇನೆ. ಫೆಬ್ರವರಿ ಮೊದಲ ವಾರದಲ್ಲಿ ಬೆಟ್ಟದ ಗಡಿ, ರಸ್ತೆಯ ಅಂಚು, ಕಾಲುದಾರಿ ಇಷ್ಟನ್ನೇ ಹತ್ತು ಹನ್ನೆರಡು ಅಡಿ ಅಗಲಕ್ಕೆ ಗುಡಿಸ್ತೇವೆ. ಆ ಎಲೆಯೇ ವರ್ಷದ ಮೊದಲ ದರಕು, ನೇರ ತೋಟಕ್ಕೆ. ಒಂದೇ ಕೂಲಿಯಲ್ಲಿ ಎರಡು ಕೆಲಸ. ಅಂಚು ಗುಡಿಸುವಾಗ ಬೆಟ್ಟ ಇಡೀ ಒಂದು ಸುತ್ತು ನೋಡಿದ ಹಾಗೂ ಆಗ್ತದೆ. ಎಲ್ಲಿ ಮಂಗ ಸತ್ತಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ, ಯಾವ ಪೊಟರೆಯಲ್ಲಿ ಹಕ್ಕಿ ಇದೆ ಅನ್ನುವುದು ಆಗಲೇ ತಿಳೀತದೆ. ಒಳಗಿನ ದರಕಿಗೆ ಆಳು ಕಳಿಸುವುದು ಅದಾದ ಮೇಲೆ.

ಗುಡಿಸಿದ ಎಲೆಯನ್ನು ಅಲ್ಲೇ ರಾಶಿ ಮಾಡಿ ಬೆಂಕಿ ಕೊಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ಒಣ ಕರಡಕ್ಕೆ ಹತ್ತಿದ ಬೆಂಕಿ ಮನುಷ್ಯ ಓಡುವುದಕ್ಕಿಂತ ಬೇಗ ಗುಡ್ಡ ಏರ್ತದೆ. ಬೆಟ್ಟ ನಮ್ಮ ಅನುಭವದಲ್ಲಿದ್ದರೂ ಕಾನೂನಿನಲ್ಲಿ ಅರಣ್ಯವೇ, ಬೆಂಕಿ ಹಾಕಿದರೆ ಅಪರಾಧ. ಹೊಸ ಹುಲ್ಲು ಬರಲಿ ಅಂತ ಸುಡುವವರಿಗೆ ಒಂದು ಲೆಕ್ಕ: ಆ ಬೆಂಕಿಯಲ್ಲಿ ಸುಟ್ಟು ಹೋಗುವುದು ನಿಮ್ಮದೇ ಮುಂದಿನ ವರ್ಷದ ಗೊಬ್ಬರ, ಜತೆಗೆ ಮಳೆಗೆ ಹುಟ್ಟಿದ ಮತ್ತಿ, ಹೊನ್ನೆ, ನಂದಿಯ ಸಸಿ.

ಫೋನಿನಲ್ಲಿ ಮಾಡಬಹುದಾದ ಒಂದು ಒಳ್ಳೆಯ ಕೆಲಸ ಇದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ವನ ಅಗ್ನಿ ಜಾಲತಾಣದಲ್ಲಿ ಯಾರು ಬೇಕಾದರೂ ಹೆಸರು ನೋಂದಾಯಿಸಿ ತಮ್ಮ ಭಾಗದ ಬೆಂಕಿಯ ಎಚ್ಚರಿಕೆ ಸಂದೇಶ ಪಡೆಯಬಹುದು. ಉಪಗ್ರಹ ದಿನಕ್ಕೆ ಕೆಲವು ಸಲ ಮಾತ್ರ ನಮ್ಮ ಮೇಲೆ ಹಾದು ಹೋಗುವುದರಿಂದ ಸಂದೇಶ ತಡವಾಗಿ ಬರಬಹುದು. ಹಾಗಾಗಿ ಊರಿನ ವಾಟ್ಸ್ಯಾಪ್ ಗುಂಪನ್ನೂ ನಂಬಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಈಗಲೇ ಸೇವ್ ಮಾಡಿಟ್ಟುಕೊಳ್ಳಿ, ಹೊಗೆ ಕಂಡ ಮೇಲೆ ನಂಬರ್ ಹುಡುಕುತ್ತ ನಿಲ್ಲುವ ಹಾಗಾಗಬಾರದು.

ಎಲ್ಲ ದರಕೂ ನಮ್ಮದಲ್ಲ

ನನ್ನ ಅಜ್ಜ ಹಳ್ಳದ ಅಂಚಿನ ದರಕು ಮುಟ್ಟುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ "ಹಳ್ಳಕ್ಕೂ ಹೊದಿಕೆ ಬೇಕಲ್ಲ" ಅನ್ನುತ್ತಿದ್ದ. ಈಗ ಆಳಿನ ಖರ್ಚು ಏರಿದ್ದಕ್ಕೆ ಒಮ್ಮೆ ಹೋದವರು ನೆಲದ ಮಣ್ಣು ಕಾಣುವವರೆಗೆ ಕೆರೆದು ತರ್ತಾರೆ. ಹೀಗೆ ವರ್ಷ ವರ್ಷ ಬೋಳಿಸಿದ ಬೆಟ್ಟದಲ್ಲಿ ಮೊದಲ ಮಳೆಗೆ ಮಣ್ಣು ಕೆಂಪಾಗಿ ಹಳ್ಳಕ್ಕಿಳೀತದೆ, ಹಳ್ಳದಿಂದ ತೋಟದ ಕಾದಿಗೆಗೆ ಬರ್ತದೆ. ನಾನು ಬೆಟ್ಟವನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿ ಪ್ರತಿವರ್ಷ ಒಂದು ಪಾಲನ್ನು ಹಾಗೇ ಬಿಡ್ತೇನೆ. ಗೊಬ್ಬರ ಕಡಿಮೆ ಬಿತ್ತು ಅಂತ ಇದುವರೆಗೆ ಅನಿಸಿಲ್ಲ.

ಒಳಗಿನ ದರಕು ಮಾರ್ಚ್ ಕೊನೆಯೊಳಗೆ ಮುಗಿಯಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಕಾಳಿಂಗ. ಈ ತಿಂಗಳುಗಳು ಅದರ ಜೋಡಿಯ ಕಾಲ. ಏಪ್ರಿಲ್-ಮೇ ಹೊತ್ತಿಗೆ ಹೆಣ್ಣು ಕಾಳಿಂಗ ಒಣ ಎಲೆ, ಬಿದಿರ ಎಲೆಯನ್ನು ಮೈಯಿಂದ ತಳ್ಳಿ ತಳ್ಳಿ ರಾಶಿ ಮಾಡಿ ಗೂಡು ಕಟ್ಟಿ ಮೊಟ್ಟೆ ಇಡ್ತದೆ. ಹಾವಿನ ಜಾತಿಯಲ್ಲಿ ಹೀಗೆ ಎಲೆ ಒಟ್ಟಿ ಗೂಡು ಕಟ್ಟುವುದು ಅದೊಂದೇ ಅನ್ನಬಹುದು. ಬೆಟ್ಟದಲ್ಲಿ ಯಾರೂ ಮಾಡದ ದರಕಿನ ಗುಪ್ಪೆ ಕಂಡರೆ ಕೋಲು ಹಾಕಿ ಕೆದಕಬೇಡಿ. ಗುಡಿಸಿಟ್ಟ ರಾಶಿಯನ್ನೂ ತಿಂಗಳುಗಟ್ಟಲೆ ಬೆಟ್ಟದಲ್ಲೇ ಬಿಡಬೇಡಿ.

ಮಂಗಟ್ಟೆಯದ್ದು ಬೇರೆ ಕಥೆ. ಈಗ ಹೆಣ್ಣು ಮಂಗಟ್ಟೆ ಹಳೇ ಮರದ ಪೊಟರೆ ಹೊಕ್ಕು ಬಾಗಿಲು ಮುಚ್ಚಿಕೊಳ್ಳುವ ಕಾಲ. ಕೊಕ್ಕು ಹೊರಗೆ ಬರುವಷ್ಟು ಸೀಳು ಮಾತ್ರ ಬಿಟ್ಟುಕೊಂಡು ತಿಂಗಳುಗಟ್ಟಲೆ ಒಳಗೇ ಇರ್ತದೆ. ಅತ್ತಿ, ಆಲದ ಹಣ್ಣು ತಂದು ಕೊಡುವುದು ಗಂಡು. ಗಂಡು ಹೆದರಿ ಬರುವುದು ನಿಲ್ಲಿಸಿದರೆ ಒಳಗಿದ್ದವು ಉಪವಾಸ. ಮರದ ಬುಡದಲ್ಲಿ ಹಣ್ಣಿನ ಬೀಜ, ಹಿಕ್ಕೆ ರಾಶಿ ಬಿದ್ದಿದ್ದರೆ ಮೇಲೆ ಗೂಡಿದೆ ಅಂತ ತಿಳಿಯಿರಿ. ಆ ಮರದ ಕೆಳಗೆ ಮೇ ಕಳೆಯುವವರೆಗೆ ಗುಡಿಸುವ ಕೆಲಸ ಬೇಡ. ಪೊಟರೆ ಬಿದ್ದ ಮುದಿ ಮರ ಸೌದೆಗೆ ಅಂತ ಕಣ್ಣು ಹಾಕುವವರೂ ಇದ್ದಾರೆ, ಅವರಿಗೆ ಹೇಳಿ. ರೀಲ್ಸ್ ಮಾಡುವ ಆಸೆ ಇದ್ದರೆ ಮಾಡಿ, ಜಾಗದ ಹೆಸರು ಮಾತ್ರ ಹಾಕಬೇಡಿ. ಕ್ಯಾಮೆರಾದವರು ಸಾಲುಗಟ್ಟಿ ಬಂದರೆ ಹಕ್ಕಿಗೂ ಕಷ್ಟ, ನಿಮ್ಮ ಗದ್ದೆ ಬದುವಿಗೂ ಕಷ್ಟ. ಕೂಗು ಕೇಳಿ ಯಾವ ಹಕ್ಕಿ ಅಂತ ತಿಳಿಯಲು ಮರ್ಲಿನ್ ಆ್ಯಪ್ ಇಟ್ಟುಕೊಳ್ಳಿ. ನನ್ನ ಮಗಳು ಒಂದು ಬೆಳಿಗ್ಗೆ ಅಂಗಳದಲ್ಲಿ ಕೂತೇ ಹನ್ನೊಂದು ಹಕ್ಕಿ ಲೆಕ್ಕ ಹಾಕಿದಳು, ಅದರಲ್ಲಿ ನಾಲ್ಕರ ಹೆಸರು ನನಗೇ ಗೊತ್ತಿರಲಿಲ್ಲ.

ಜೇನಿನವರಿಗೆ ಒಂದೇ ಮಾತು. ಹೂ ಹೆಚ್ಚಿರುವ ಈ ದಿನಗಳಲ್ಲಿ ತುಡುವೆ ಪಾಲಾಗ್ತದೆ. ವಾರಕ್ಕೊಮ್ಮೆ ಪೆಟ್ಟಿಗೆ ತೆಗೆದು ರಾಣಿ ಕಣ ನೋಡಿ, ಖಾಲಿ ಪೆಟ್ಟಿಗೆ ಒಂದನ್ನು ತಯಾರಿಟ್ಟುಕೊಳ್ಳಿ. ಇಲ್ಲದಿದ್ದರೆ ಅರ್ಧ ಕುಟುಂಬ ಪಕ್ಕದ ಬೆಟ್ಟಕ್ಕೆ ಹೋಗಿರ್ತದೆ.

ನೀರಿನ ವಿಷಯದಲ್ಲಿ ನಮ್ಮ ಹೊಸ ತಲೆಮಾರು ಒಂದು ತಪ್ಪು ಮಾಡುತ್ತಿದೆ, ನಾನೂ ಮಾಡಿದ್ದೆ. ಕೃಷಿ ಹೊಂಡ ತೆಗೆದು ಕಪ್ಪು ಪ್ಲಾಸ್ಟಿಕ್ ಹಾಸಿ ಬಿಡ್ತೇವೆ. ಹಳ್ಳ ಬತ್ತಿದ ಮೇಲೆ ರಾತ್ರಿ ನೀರಿಗೆ ಬಂದ ಪ್ರಾಣಿ ಆ ಜಾರು ಹಾಳೆಯಲ್ಲಿ ಇಳಿದರೆ ಮೇಲೆ ಬರಲಾರದು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಮ್ಮ ಹೊಂಡದಲ್ಲಿ ಕಬ್ಬೆಕ್ಕು ತೇಲುತ್ತಿತ್ತು. ಹಾಳೆಯ ಅಂಚಿನಲ್ಲಿ ಸುತ್ತಲೂ ಉಗುರಿನ ಗೀರು. ರಾತ್ರಿ ಇಡೀ ಸುತ್ತಿರಬೇಕು. ಅವತ್ತೇ ಬಿದ್ದ ಅಡಿಕೆ ಮರದ ಎರಡು ದಬ್ಬೆಗೆ ತೆಂಗಿನ ನಾರಿನ ಹಗ್ಗ ಸುತ್ತಿ ನಾಲ್ಕೂ ಮೂಲೆಗೆ ಇಳಿಬಿಟ್ಟೆ. ಅರ್ಧ ದಿನದ ಕೆಲಸ, ಖರ್ಚು ಹಗ್ಗದ್ದು ಮಾತ್ರ. ಸುತ್ತ ಬೇಲಿ ಹಾಕಿದರೆ ಇನ್ನೂ ಒಳ್ಳೆಯದು, ಮಕ್ಕಳಿಗೂ ಬೇಕು ಅದು. ಕಟ್ಟೆ ಇಲ್ಲದ ಹಳೇ ಬಾವಿಗೂ ಇದೇ ಹೊತ್ತಿಗೆ ಬಲೆ ಹಾಕಿಸಿ. ಹಕ್ಕಿಗೆ ಅಂತ ಮಣ್ಣಿನ ಬಟ್ಟಲಿನಲ್ಲಿ ನೀರಿಡುವವರು ಅಡುಗೆಮನೆ ಬಾಗಿಲಿನಿಂದ ದೂರ ಇಡಿ, ಕಪ್ಪೆ ಬಂದಲ್ಲಿ ಹಾವೂ ಬರ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬೇರೆ ಹಾಕಿ, ಇಲ್ಲದಿದ್ದರೆ ನೀವು ಸಾಕುವುದು ಸೊಳ್ಳೆ.

ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ಬೈಕು ನಿಧಾನ. ಬೆಟ್ಟದಲ್ಲಿ ಹಸಿರು ಮುಗಿದಿದೆ, ಕಾಟಿಗಳು ನಾವು ನೀರು ಬಿಟ್ಟ ತೋಟದ ಹುಲ್ಲಿಗೆ ಇಳೀತವೆ. ಒಂಟಿ ಕಾಟಿ ಎದುರಾದರೆ ಹಾರ್ನ್ ಹೊಡೆಯಬೇಡಿ, ಲೈಟ್ ತಗ್ಗಿಸಿ ನಿಂತುಬಿಡಿ. ಅದಾಗಿಯೇ ಹೋಗ್ತದೆ. ಮಂಗಗಳ ಕಾಟ ಎಷ್ಟು ಅಂತ ನನಗೆ ಗೊತ್ತು, ನಮ್ಮ ಬಾಳೆಯಲ್ಲಿ ಈ ವರ್ಷ ಒಂದು ಗೊನೆಯೂ ಪೂರ್ತಿ ಸಿಕ್ಕಿಲ್ಲ. ಎಳೇ ಅಡಿಕೆ ಚೀಪಿ ಎಸೆದದ್ದು ತೋಟದ ತುಂಬ. ಆದರೂ ವಿಷ ಇಡುವ ಮಾತು ಬೇಡ. ಕಾಯ್ದೆ ಒಂದು ಕಡೆ. ನಮ್ಮ ತಾಲೂಕಿನಲ್ಲಿ ಸತ್ತ ಪ್ರತಿ ಮಂಗವೂ ಈಗ ಆರೋಗ್ಯ ಇಲಾಖೆಗೆ ಒಂದು ಸುಳಿವು. ವಿಷದಿಂದ ಸತ್ತದ್ದೂ ಕಾಯಿಲೆಯಿಂದ ಸತ್ತದ್ದೂ ಬೆರೆತರೆ ಆ ಸುಳಿವೇ ಹಾಳಾಗ್ತದೆ.

ಯಲ್ಲಾಪುರದ ಹುಡುಗ ಬುಧವಾರ ಸಂಜೆ ಮತ್ತೆ ಫೋನ್ ಮಾಡಿದ. ಪಶುವೈದ್ಯರು, ಅರಣ್ಯ ಇಲಾಖೆಯವರು ಬಂದು ಹೋದರಂತೆ, ಪುಡಿ ಹಾಕಿದರಂತೆ, ಮಾದರಿ ಲ್ಯಾಬಿಗೆ ಹೋಗಿದೆ. ಆರು ಆಳುಗಳಲ್ಲಿ ನಾಲ್ವರು ಬೇರೆ ಕಡೆ ಹೋದರು. ಉಳಿದ ಇಬ್ಬರನ್ನು ಕರೆದುಕೊಂಡು ಹೊಂಡಕ್ಕೆ ಬೇಲಿ ಹಾಕಿಸಿದ್ದಾನೆ. "ಅಪ್ಪ ಬೈತಿದ್ದಾನೆ ಅಣ್ಣಾ, ಒಂದು ಮಂಗಕ್ಕೆ ಇಷ್ಟೆಲ್ಲ ಯಾಕೆ ಅಂತ" ಅಂದ. ಅಪ್ಪನಿಗೆ ಫೋನ್ ಕೊಡು ಅಂದೆ. ಅಕ್ಕನ ಕಥೆ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಕೇಳಿದರು, "ಆ ಎಣ್ಣೆ ನಮ್ಮ ಕಡೆ ಎಲ್ಲಿ ಸಿಗ್ತದೆ?"

ಲ್ಯಾಬಿನಿಂದ ಫಲಿತಾಂಶ ಇನ್ನೂ ಬಂದಿಲ್ಲ. ಆ ಬೆಟ್ಟದ ದರಕು ಸದ್ಯ ಅಲ್ಲೇ ಇದೆ.